ಬೀರು ಬಾಗಿಲಿನ ಗೂಳಿ

ಬೀಡಾಡಿ ಪ್ರಾಣಿ ನಿಯಂತ್ರಣ ಕಚೇರಿಯು ಬಡಗಿಯೊಬ್ಬನ ಮನೆಯೆದುರು ಒಂಟಿಯಾಗಿ ನಿಂತಿದ್ದ ಗೂಳಿಯನ್ನು ಸೋಮವಾರ ಬೆಳಿಗ್ಗೆ ಯಾವುದೇ ಪ್ರತಿರೋಧವಿಲ್ಲದೆ ವಶಪಡಿಸಿಕೊಂಡಿತು. ಗೂಳಿ ಮರದ್ದು ಎಂಬುದು ಕಾರ್ಯಾಚರಣೆಗೆ ಅಡ್ಡಿಯಾಗಲಿಲ್ಲ. ತಿಂಗಳ ಗುರಿಗೆ ಒಂದು ತಲೆ ಕಡಿಮೆಯಿತ್ತು.

ಹಳೆ ಮರ ಆಯ್ದು ತಂದು ಅಜ್ಜಿಕಥೆಯ ಪ್ರಾಣಿಗಳನ್ನು ಮಾಡುವುದು ಬಡಗಿಯ ಹುಚ್ಚು. ಈ ಗೂಳಿಯ ಕೊಂಬು ಮುರಿದ ಕುರ್ಚಿಯ ಕೈಗಳು, ಕಾಲು ಗುಜರಿ ಮಂಚದ್ದು. ಹೊಟ್ಟೆ ಮಾತ್ರ ಹೆಂಡತಿಯ ತವರಿನ ಬೀರುವಿನ ಬಾಗಿಲು. ಅದನ್ನು ಮಹಾಶಯ ಕೇಳದೆ ಕಿತ್ತಿದ್ದ.

"ಬಾಗಿಲು ಬರೋವರೆಗೂ ಈ ಮನೇಲಿ ಒಲೆ ಹಚ್ಚಲ್ಲ," ಎಂದಳು ಆಕೆ. ಪಾಪ, ತಣ್ಣೀರು ಕುಡಿದು ಬಡಗಿ ಕಚೇರಿಗೆ ಓಡಿದ.

"ನಿಮ್ದೇ ಗೂಳಿ ಅಂತ ಏನ್ ಗ್ಯಾರಂಟಿ?" ಎಂದರು ಅಧಿಕಾರಿಗಳು. "ನಿಯಮದ ಪ್ರಕಾರ ಪ್ರಾಣಿ ಮಾಲೀಕನ್ನ ಗುರುತು ಹಿಡೀಬೇಕು. ಕರೀರಿ, ನೋಡೋಣ."

ಬಡಗಿ ಕರೆದ. ಗೂಳಿ ಅಲ್ಲಾಡಲಿಲ್ಲ.

"ಸ್ವಾಮಿ, ಅದು ಮರ."

"ಅದು ಅದರ ವೈಯಕ್ತಿಕ ವಿಚಾರ."

ಮರುದಿನ ಬಡಗಿ ಗೂಳಿಯ ಮೈ ಒರೆಸುವ ನೆಪದಲ್ಲಿ ಕಚೇರಿಯ ದೊಡ್ಡಿಯೊಳಗೆ ಹೋಗಿ ಗೂಳಿಯ ಕತ್ತಿಗೊಂದು ಸ್ಪ್ರಿಂಗು ಕೂರಿಸಿದ. ಈಗ ಪಕ್ಕದಲ್ಲಿ ಕಾಲು ಅಪ್ಪಳಿಸಿದರೆ ಸಾಕು, ಗೂಳಿ ಹೌದು ಹೌದೆಂದು ತಲೆಯಾಡಿಸುತ್ತಿತ್ತು. ಅದನ್ನು ನೋಡಿ ಅಧಿಕಾರಿಗಳ ಕಣ್ಣು ತುಂಬಿ ಬಂತು. ಕಚೇರಿಯ ಸಲಹಾ ಸಮಿತಿಯ ಸದಸ್ಯರೊಬ್ಬರು ಹೋದ ಸಭೆಯಲ್ಲಿ "ಯಾಕೆ?" ಎಂದು ಕೇಳಿದ್ದರಿಂದ ಅವರ ಜಾಗ ಖಾಲಿಯಿತ್ತು.

"ಇಂಥೋರು ಸಿಗೋದು ಕಷ್ಟ ಕಣ್ರೀ," ಎಂದು ಗೂಳಿಯನ್ನು ಆ ಜಾಗಕ್ಕೆ ನೇಮಿಸಿಬಿಟ್ಟರು.

ಬಡಗಿ ಬರಿಗೈಲಿ ಮನೆಗೆ ಬಂದ. ಮರುದಿನ ಹೆಂಡತಿಯೇ ಸೆರಗು ಬಿಗಿದು, ಗಂಡನನ್ನೂ ಎಳೆದುಕೊಂಡು ಕಚೇರಿಗೆ ಹೊರಟಳು.

"ಗೂಳೀನ ನೀವೇ ಇಟ್ಕೊಂಡು ಪೂಜೆ ಮಾಡಿ. ನಮ್ಮಮ್ಮನ ಬೀರು ಬಾಗಿಲು ಕೊಡಿ."

"ಮಾನ್ಯ ಸದಸ್ಯರ ಹೊಟ್ಟೆ ಬಿಚ್ಚೋಕೆ ಸಮಿತಿ ಒಪ್ಪಬೇಕಮ್ಮ."

"ಕರೀರಿ ನಿಮ್ಮ ಸಮಿತೀನ."

ಸಮಿತಿ ಸೇರಿತು. "ಕೊಡ್ತೀರೋ, ಇಲ್ವೋ?" ಎಂದು ಆಕೆ ಮೇಜು ಗುದ್ದಿದಳು. ಗೂಳಿ ಮೊದಲು ತಲೆಯಾಡಿಸಿತು. ಹೊಸಬರು ತಮ್ಮನ್ನು ಮೀರಿಸುತ್ತಿದ್ದಾರೆಂದು ಗಾಬರಿಯಾದ ಹಳೆಯ ಸದಸ್ಯರು ಕೋಲೆಬಸವನ ಹಾಗೆ ತಲೆ ಅಲ್ಲಾಡಿಸಿದರು. ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು.

ಬಡಗಿ ಅಲ್ಲೇ ಬಾಗಿಲು ಬಿಚ್ಚಿ ಹೆಂಡತಿಯ ಹಿಂದೆ ಹೊತ್ತು ನಡೆದ. ಅಂದೇ ಒಲೆ ಹತ್ತಿತು.

ಗೂಳಿಯಲ್ಲಿ ಈಗ ಉಳಿದಿರುವುದು ಸಮಿತಿಯ ಮೇಜಿನ ಮೇಲಿಟ್ಟ ತಲೆಯೊಂದೇ. ಕೆಲಸಕ್ಕೇನೂ ಕೊರತೆಯಾಗಿಲ್ಲ. ಹೊಟ್ಟೆಯಿಲ್ಲದ ಕಾರಣ ಅವರ ಪಾಲಿನ ತಿಂಡಿಯನ್ನು ಅಧಿಕಾರಿಗಳೇ ತಿನ್ನುತ್ತಾರೆ. ಮಾನ್ಯ ಸದಸ್ಯರನ್ನು ಕೇಳಿ, ಮೇಜು ತಟ್ಟಿ, ಅವರು ಒಪ್ಪಿದ ಮೇಲೆಯೇ ತಿನ್ನುತ್ತಾರೆ.