ಎರಡನೇ ಮಗ್ಗುಲಿನ ಬಳೆ ಸದ್ದು

ಹೋದ ಏಪ್ರಿಲ್‌ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಹೊನ್ನಾವರದಲ್ಲಿ, ನಮ್ಮ ಭಾವ ತಮ್ಮ ಮನೆಯ ಫ್ರಿಜ್ಜನ್ನು ಬಂದ್ ಮಾಡಿದರು. ಫ್ರಿಜ್ಜು ಕೆಟ್ಟಿರಲಿಲ್ಲ. ಒಳಗೆ ಹಾಲು, ಮೊಸರು, ಮರುದಿನದ ದೋಸೆಗೆ ರುಬ್ಬಿಟ್ಟ ಹಿಟ್ಟು ಎಲ್ಲವೂ ಇದ್ದವು. ಆಮೇಲೆ ಅವರು ಫ್ಯಾನು ನಿಲ್ಲಿಸಿದರು. ಹೆದ್ದಾರಿ ಕಡೆಯ ಕಿಟಕಿಗಳನ್ನು ಮುಚ್ಚಿದರು. ಗೋಡೆ ಗಡಿಯಾರವನ್ನು ಇಳಿಸಿ ಒಳಕೋಣೆಯ ಗಾದಿಯ ಕೆಳಗೆ ಮಲಗಿಸಿ ಬಂದರು. ಇಷ್ಟಾದ ಮೇಲೆ ಕೋಣೆಯಲ್ಲಿ ಉಳಿದವರು ನಾನು, ಭಟ್ಕಳದಿಂದ ಬಂದ ಒಬ್ಬ ಅತಿಥಿ, ಮತ್ತು ಏಪ್ರಿಲ್‌ ತಿಂಗಳ ಕರಾವಳಿಯ ಸೆಕೆ.

ಕಾರಣ, ಭಾವ ಹಾಡು ಕೇಳಿಸುವವರಿದ್ದರು.

ನಮ್ಮ ಭಾವನಿಗೆ ಸಂಗೀತ ಗೊತ್ತಿಲ್ಲ. ಇದು ನನ್ನ ಆರೋಪವಲ್ಲ, ಅವರದೇ ಹೇಳಿಕೆ. ಅಕ್ಕ ಅದನ್ನು ಖಚಿತಪಡಿಸಿದ್ದಾಳೆ. ರಾಗ ತಿಳಿಯುವುದಿಲ್ಲ, ತಾಳ ತಿಳಿಯುವುದಿಲ್ಲ, ದೇವರ ನಾಮವನ್ನು ಗುನುಗಿದರೂ ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗಿದ ಹಾಗಿರುತ್ತದೆ. ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ. ಆ ಕೆಲಸ ಕಲಿಯಲು ಹರೆಯದಲ್ಲಿ ಮುಂಬೈಗೆ ಹೋದವರು, ಬರುವಾಗ ಒಂದು ಎಲ್‌ಪಿ ರೆಕಾರ್ಡು ತಂದರು. ಒಬ್ಬ ಹೆಂಗಸು ಹಿಂದಿಯಲ್ಲಿ ಹಾಡಿದ ಪ್ರೇಮಗೀತೆಗಳು. ಜೊತೆಗೆ ಒಂದು ಸಾರಂಗಿ, ಒಂದು ತಬಲ, ಹಿಂದೆಲ್ಲೋ ಒಂದು ತಾನ್‌ಪುರ. ಅಷ್ಟೇ. ಆವತ್ತಿನಿಂದ ಇವತ್ತಿನವರೆಗೆ ಭಾವ ಬೇರೆ ರೆಕಾರ್ಡು ಕೊಂಡಿಲ್ಲ. 'ಇದನ್ನೇ ಇನ್ನೂ ಪೂರ್ತಿ ಕೇಳಿ ಆಗಲಿಲ್ಲ' ಎನ್ನುತ್ತಾರೆ.

ಪ್ರೇಮಗೀತೆ ಎಂದೆನಲ್ಲ, ಭಾವನಿಗೆ ಅದರಲ್ಲಿನ ಪ್ರೇಮದ ಜೊತೆ ಯಾವ ವ್ಯವಹಾರವೂ ಇಲ್ಲ. ಒಮ್ಮೆ ಶಿರಾಲಿಯಿಂದ ಬಂದ ನೆಂಟರೊಬ್ಬರು, ಪಾಪ, ಕಣ್ಣು ಒದ್ದೆ ಮಾಡಿಕೊಂಡು ಕೇಳಿದರು: "ಈ ಹಾಡಿನ ಅರ್ಥ ಎಂತದು?"

"ಯಾರೋ ಬತ್ತೆ ಹೇಳಿ ಬಂಜಿಲ್ಯಡ," ಎಂದರು ಭಾವ; ಬರುತ್ತೇನೆಂದ ಯಾರೋ ಬರಲಿಲ್ಲವಂತೆ, ಅಷ್ಟೇ. "ಅದು ಬಿಡು. ಸಾರಂಗಿಯವ ಉಸಿರು ಎಳೆದಿದ್ದು ಕೇಳ್ತಾ ನಿಂಗೆ?"

ಇದು ಅವರ ರೋಗ. ಹಾಡು ಅವರಿಗೆ ಬೇಡ, ಹಾಡನ್ನು ರೆಕಾರ್ಡಿನಲ್ಲಿ ಹಿಡಿದ ರೀತಿ ಬೇಕು. ಹಾಡುವವಳು ಸಾಲು ಶುರುಮಾಡುವ ಮೊದಲು ತುಟಿ ಬೇರೆಯಾದ ಸದ್ದು, ತಬಲದ ಚರ್ಮದಿಂದ ಬೆರಳು ಎದ್ದ ಸದ್ದು, ಸಾರಂಗಿಯವನು ಕೂತಲ್ಲೇ ಸ್ವಲ್ಪ ಸರಿದಾಗ ಚಾಪೆ ಮಾಡಿದ ಸದ್ದು. ನಾನು ಮೊದಮೊದಲು ನಗುತ್ತಿದ್ದೆ. ಒಂದು ದಿನ ಹಾಡು ಮುಗಿದು ಮುಂದಿನದು ಶುರುವಾಗುವ ನಡುವೆ, ಏನೂ ಇಲ್ಲದ ಜಾಗದಲ್ಲಿ, ಅವರು "ಈಗ ಕೇಳು" ಎಂದರು. ಕೇಳಿದೆ. ಮುಂಬೈಯ ಯಾವುದೋ ಕೋಣೆಯ ಗಾಳಿ ಕೇಳಿಸಿತು. ನಾಲ್ಕು ಜನ ಉಸಿರು ಬಿಗಿಹಿಡಿದು ಕೂತ ಒಂದು ಕೋಣೆ, ಅವರಲ್ಲಿ ಎಷ್ಟು ಮಂದಿ ಈಗ ಇದ್ದಾರೋ, ಹೊನ್ನಾವರದ ಒಂದು ಮನೆಯಲ್ಲಿ ಬಂದು ಕೂತಿತ್ತು. ಅಂದಿನಿಂದ ನಗುವುದನ್ನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಡಲಾಗಿಲ್ಲ, ಅದಕ್ಕೆ ಭಾವನೇ ಹೊಣೆ.

ಯಾಕೆಂದರೆ ಆ ನಾಲ್ಕು ಜನಕ್ಕೂ ಅವರು ಮನೆಯಲ್ಲಿ ಜಾಗ ಕೊಟ್ಟಿದ್ದಾರೆ. ಸಾರಂಗಿಯವನು ದೇವರ ಫೋಟೋದ ಕೆಳಗೆ. ತಾನ್‌ಪುರದವಳು ಕಪಾಟಿನ ಹತ್ತಿರ. ತಬಲದವನು ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ. ಹಾಡುವವಳು ನಟ್ಟನಡುವೆ, ಟೀಪಾಯಿಯ ಮೇಲ್ಗಡೆ. ಒಮ್ಮೆ ಗೊತ್ತಿಲ್ಲದೆ ಮೂಲೆಗೆ ಕುರ್ಚಿ ಎಳೆದುಕೊಂಡು ಕೂತೆ. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ, ಹಾಗಾಗಿ ಭಾವ ನನ್ನನ್ನು ಕರೆದು ಹೇಳಿದರು: "ಭಾವ, ಆಚೆ ಸರಿ. ನೀ ತಬಲದವನ ತೊಡೆ ಮೇಲೆ ಕೂತಿದ್ದೆ."

ಎದ್ದೆ. ತೊಡೆಯ ಮೇಲೆ ಕೂತ ತಪ್ಪಿಗೆ ಆ ಮೂಲೆಗೆ ಕೈಮುಗಿದೂಬಿಟ್ಟೆ ಎಂದು ಅಕ್ಕ ಈಗಲೂ ಹೇಳುತ್ತಾಳೆ. ನನಗೆ ನೆನಪಿಲ್ಲ. ಅಕ್ಕನಿಗೂ ಆ ಮೂಲೆಯ ಮೇಲೆ ಕಣ್ಣಿದೆ. ಒಗೆದ ಬಟ್ಟೆ ಮಡಚಲು ಮನೆಯಲ್ಲಿ ಅದಕ್ಕಿಂತ ತಂಪು ಜಾಗವಿಲ್ಲ. "ಬಾಡಿಗೆ ಕೊಡದೆ ಕೂತಿದ್ದ ಅವ," ಎಂದು ತಬಲದವನ ಮೇಲೆ ಅವಳ ದೂರು.

ಮಳೆಗಾಲದ ಕಥೆ ಬೇರೆ. ಮಳೆ ಹಿಡಿದರೆ ನಮ್ಮ ಕಡೆ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು. ರೆಕಾರ್ಡನ್ನು ಮಾತ್ರ ಬಿಟ್ಟೀತೇ? ಭಾವ ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಅದನ್ನು ಮೆಲ್ಲಗೆ ತೊಳೆದು, ಕನ್ನಡಕ ಒರೆಸುವ ಬಟ್ಟೆಯಲ್ಲಿ ಒರೆಸಿ, ಅಡುಗೆಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ ಎರಡು ಬಟ್ಟಲುಗಳ ನಡುವೆ ನಿಲ್ಲಿಸುತ್ತಾರೆ. ಪಕ್ಕದ ಮನೆಯ ಕೊಂಕಣಿ ಬಾಯಿ ಕರಿಬೇವು ಕೇಳಲು ಬಂದವರು ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ ಅಕ್ಕನನ್ನು ಕೇಳಿದರು: "ಇಷ್ಟು ತೆಳು ದೋಸೆ ಹಂಚು ನಿಮಗೆ ಎಲ್ಲಿ ಸಿಕ್ತು ಮಾರಾಯ್ತಿ?"

"ಅವ್ರು ಮುಂಬೈಯಿಂದ ತಂದಿದ್ದು," ಎಂದಳು ಅಕ್ಕ. "ಒಂದು ದೋಸೆಯೂ ಎದ್ದಿದ್ದಿಲ್ಲ ಇಲ್ಲೀವರೆಗೆ."

ಇನ್ನು ಬಳೆಯ ವಿಷಯ. ಭಾವ ಹೊನ್ನಾವರದಾಚೆಗೂ ಹೆಸರು ಮಾಡಿದ್ದು ಅದರಿಂದಲೇ.

ರೆಕಾರ್ಡಿನ ಎರಡನೇ ಮಗ್ಗುಲಿನಲ್ಲಿ, ಕೊನೆಯ ಹಾಡಿನ ನಡುವೆ, ಹಾಡುವವಳು ದನಿಯನ್ನು ಏರಿಸಿ ನಿಲ್ಲಿಸುವ ಒಂದು ಕಡೆ ಸಣ್ಣ ಸದ್ದೊಂದು ಬರುತ್ತದೆ. ಟಿಣ್. ಸ್ವಲ್ಪ ಬಿಟ್ಟು, ಇನ್ನೂ ಸಣ್ಣದಾಗಿ, ಟಿಣ್. ಮತ್ತೊಂದು, ಇದೆಯೋ ಇಲ್ಲವೋ ಎನ್ನುವಷ್ಟು. ಅದು ಬರುವ ಮೊದಲೇ ಭಾವ ಬೆರಳೆತ್ತುತ್ತಾರೆ. ಬಂದ ಮೇಲೆ ವಿವರಣೆ: ಹಾಡುತ್ತ ಹಾಡುತ್ತ ಆಕೆ ಮೈಮರೆತು ಕೈ ಎತ್ತಿದ್ದಾಳೆ, ಕೈಬಳೆ ಮೈಕಿನ ಕಂಬಕ್ಕೆ ತಾಗಿದೆ. ಬೇರೆ ಯಾರಾದರೂ ಆಗಿದ್ದರೆ ಮತ್ತೊಮ್ಮೆ ಹಾಡಿಸುತ್ತಿದ್ದರು. ರೆಕಾರ್ಡು ಮಾಡಿದ ಇಂಜಿನಿಯರು ಅದನ್ನು ಹಾಗೇ ಬಿಟ್ಟಿದ್ದಾನೆ. "ಅವನಿಗೆ ಗೊತ್ತಿತ್ತು, ಬಳೆ ಇಲ್ಲದಿದ್ದರೆ ಇದು ಬರೀ ಹಾಡು," ಎನ್ನುತ್ತಾರೆ ಭಾವ.

ಈ ಬಳೆ ಕೇಳಲು ಜನ ಬಂದಿದ್ದಾರೆ. ಶಿರಾಲಿಯ ಅದೇ ನೆಂಟರು ಅದು ಚಿನ್ನದ ಬಳೆ ಎಂದು ವಾದಿಸಿದರು. ಸಂತೆಗುಳಿಯ ಒಬ್ಬರು, ಬೆಳ್ಳಿ ಕಡಗ ಎಂದರು. "ಗಾಜಿನದು," ಎಂದು ಭಾವ ತೀರ್ಪು ಕೊಟ್ಟರು. "ಹಸಿರು ಗಾಜಿಂದು." ಸದ್ದಿನಲ್ಲಿ ಬಣ್ಣ ಹೇಗೆ ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ನಾನು ಕುಮಟೆಯಲ್ಲಿ ಪತ್ರಿಕೆಯ ವರದಿಗಾರ. ಪ್ರಶ್ನೆ ಕೇಳುವುದಕ್ಕೇ ಸಂಬಳ ಪಡೆಯುವವನು. ನಾನೂ ಕೇಳಲಿಲ್ಲ.

ಒಮ್ಮೆ ನನ್ನ ಮಗಳು ಅದೇ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದಳು. ಬಳೆ ಇರಲಿಲ್ಲ. ಭಾವ ಎದ್ದು ಹೋಗುತ್ತ ಹೇಳಿದರು: "ಅದು ತೊಳೆದ ಹಾಡು ಮಗಾ. ಮುತ್ತೈದೆಯ ಕೈಯಿಂದ ಯಾರೋ ಬಳೆ ತೆಗೆದು ಬಿಟ್ಟಿದ್ದ. ನಂಗೆ ಕೇಳಲೆ ಆಗ್ತಿಲ್ಲೆ."

ಈಗ ಆ ಭಾನುವಾರಕ್ಕೆ ಬರುತ್ತೇನೆ. ಬೆಳಿಗ್ಗೆಯೇ ಅಕ್ಕ ಫೋನ್ ಮಾಡಿ ನನ್ನನ್ನು ಕುಮಟೆಯಿಂದ ಕರೆಸಿಕೊಂಡಿದ್ದಳು. ಹೋದೊಡನೆ ಅಡುಗೆಮನೆಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದಳು.

"ತಮಾ, ಭಟ್ಕಳದ ಸಾಹೇಬ್ರೊಬ್ರು ಬತ್ವಡ. ಅತ್ತರಿನ ಅಂಗಡಿಯವ್ರು. ಇದೇ ರೆಕಾರ್ಡು ಅವ್ರ ಹತ್ರನೂ ಇದ್ದಡ. ದುಬೈಯಲ್ಲಿ ಇದ್ದಾಗ ತಗಂಡಿದ್ದು, ಹೊಸದರ ಹಾಂಗೆ ಇದ್ದಡ. ತಗಂಡು ಬತ್ವಡ."

"ಬರಲಿ. ಒಳ್ಳೇದೇ ಆತು."

"ಎಂತ ಒಳ್ಳೇದು? ಆ ಬಳೆ ಆ ಹೆಂಗಸಿಂದಲ್ಲ. ನಂದು."

ನಾನು ಕೂತೆ. ಅಕ್ಕ ಮಜ್ಜಿಗೆಗೆ ಉಪ್ಪು ಹಾಕುತ್ತ ಹೇಳಿದಳು. ಮದುವೆಯಾಗಿ ಮೊದಲ ಮಳೆಗಾಲವೂ ಕಳೆದಿರಲಿಲ್ಲ. ಭಾವ ಅಂಗಡಿಗೆ ಹೋದ ಹೊತ್ತಿನಲ್ಲಿ ತಾನೂ ಒಮ್ಮೆ ಹಾಡು ಹಾಕಿ ನೋಡೋಣ ಎನಿಸಿತು. ಪ್ಲೇಯರಿನ ಮುಳ್ಳಿನ ಕೈ ಎತ್ತಲು ಹೋದಾಗ ಬಳೆ ಅದಕ್ಕೆ ಸಿಕ್ಕಿಕೊಂಡು, ಮುಳ್ಳು ಜಾರಿ ರೆಕಾರ್ಡಿನ ಮೇಲೆ ಬಿತ್ತು. ಗೀರು. ಹೇಳಲು ಹೆದರಿಕೆಯಾಯಿತು. ಮಾರನೆಯ ಸಂಜೆ ಭಾವ ಹಾಡು ಹಾಕಿದರು. ಟಿಣ್ ಎಂದಿತು. ಹಾಡು ಮುಗಿದ ಮೇಲೆ ಅವರು, 'ಕೇಳ್ತಾ, ಹಾಡವಳ ಬಳೆ ಸದ್ದು' ಎಂದರು. ಅಕ್ಕ ಹೌದು ಎಂದಳು. ಆ ಒಂದು ಹೌದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ. ಎರಡನೇ ಮಗ್ಗುಲಿನ ಕೊನೆಯ ಹಾಡು ಬಂದರೆ ಅವಳು ಎದ್ದು ಅಡುಗೆಮನೆಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಲೆಯ ಮೇಲೆ ಏನೋ ಇದೆ ಎಂದುಕೊಂಡಿದ್ದೆ.

"ಈಗ ಅವ್ರ ರೆಕಾರ್ಡಲ್ಲಿ ಬಳೆ ಇರ್ತಿಲ್ಲೆ. ಊರಿಗೆಲ್ಲ ಹೇಳಿದ್ದು ಸುಳ್ಳು ಹೇಳಿ ಆಗ್ತು. ಇವ್ರಿಗೆ ಇಪ್ಪದೇ ಆ ಒಂದು ಸಂತೋಷ, ತಮಾ." ಅವಳು ಲೋಟ ಕೆಳಗಿಟ್ಟಳು. "ನಿಂಗೆ ಕರೆಂಟ್ ಆಫೀಸಿನವ್ರು ಗೊತ್ತಿದ್ವಲ. ಮಧ್ಯಾಹ್ನ ಒಂದು ತಾಸು ಕರೆಂಟು ತೆಗಸಲೆ ಆಗ್ತಿಲ್ಯ?"

ನಮ್ಮ ಕಡೆ ಏಪ್ರಿಲ್‌ನಲ್ಲಿ ಕರೆಂಟು ತೆಗೆಸಲು ಯಾರಿಗೂ ಫೋನ್ ಮಾಡಬೇಕಿಲ್ಲ. ಅದು ತಾನಾಗಿಯೇ ಹೋಗುತ್ತದೆ. ಅಕ್ಕನಿಗೆ ಹಾಗೆಯೇ ಧೈರ್ಯ ಹೇಳಿದೆ. ಆ ದಿನ ಬೆಳಗಿನಿಂದ ಸಂಜೆಯವರೆಗೆ ಕರೆಂಟು ಒಂದು ನಿಮಿಷವೂ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಅಂಥ ದಿನ ಅದೊಂದೇ.

ಸಾಹೇಬರು ಬಂದರು. ಬಿಳಿ ಜುಬ್ಬಾ, ತೆಳ್ಳಗಿನ ಮೈಕಟ್ಟು, ಮೆಲುಮಾತು. ಒಂದು ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ರೆಕಾರ್ಡು, ಇನ್ನೊಂದರಲ್ಲಿ ಬಾಳೆಲೆಯಲ್ಲಿ ಕಟ್ಟಿದ ಭಟ್ಕಳ ಮಲ್ಲಿಗೆ. "ನಮ್ಮ ಮನೆಯವರು ಅಕ್ಕನವರಿಗೆ ಕೊಟ್ಟಿದ್ದು," ಎಂದು ಹೂವನ್ನು ಅಕ್ಕನ ಮುಂದೆ ಹಿಡಿದರು. ಅಕ್ಕ ತೆಗೆದುಕೊಂಡಳು. ಅವರ ಇನ್ನೊಂದು ಕೈಯನ್ನೇ ನೋಡುತ್ತಿದ್ದಳು.

ಫ್ರಿಜ್ಜು, ಫ್ಯಾನು, ಕಿಟಕಿ, ಗಡಿಯಾರದ ಶಾಸ್ತ್ರಗಳು ಮುಗಿದವು. ಸಾಹೇಬರು ಕರವಸ್ತ್ರ ತೆಗೆದು ಹಣೆ ಒರೆಸಿದರು.

"ಸೆಕೆ ಆಗ್ತದಾ?" ಭಾವ ಕೇಳಿದರು.

"ಆಗ್ತದೆ ಭಟ್ರೆ."

"ಆಗ್ಲಿ. ಬೆವರು ಸದ್ದು ಮಾಡುದಿಲ್ಲ."

ಅತಿಥಿಯ ರೆಕಾರ್ಡು ಮೊದಲು, ಅದು ಮರ್ಯಾದೆ. ಎರಡನೇ ಮಗ್ಗುಲು ತಿರುಗಿತು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಆಕೆ ಟೀಪಾಯಿಯ ಮೇಲ್ಗಡೆಯಿಂದ ಇನ್ನೂ ಒಂದು ಮಾರು ಹತ್ತಿರ ಬಂದಂತೆ. "ಮಾಶಾಅಲ್ಲಾ," ಎಂದು ಸಾಹೇಬರು ತಮ್ಮಷ್ಟಕ್ಕೆ ಹೇಳಿಕೊಂಡರು. ಕೊನೆಯ ಹಾಡು ಬಂತು. ಅಕ್ಕ ಎದ್ದು ಹೋದಳು, ಆದರೆ ಬಾಗಿಲ ಆಚೆಗೇ ನಿಂತಳು, ಸೆರಗು ಕಾಣುತ್ತಿತ್ತು. ದನಿ ಏರಿತು. ಭಾವ ಬೆರಳೆತ್ತಿದರು. ದನಿ ನಿಂತಿತು.

ಏನೂ ಇಲ್ಲ.

ಭಾವ ಬೆರಳನ್ನು ಹಾಗೆಯೇ ಹಿಡಿದಿದ್ದರು. ಹಾಡು ಮುಗಿಯಿತು. ಅವರು ತಮ್ಮ ರೆಕಾರ್ಡನ್ನು ಹಾಕಿ, ಮುಳ್ಳನ್ನು ಅದೇ ಜಾಗಕ್ಕೆ ಇಟ್ಟರು. ಟಿಣ್. ಟಿಣ್. ಟಿಣ್.

ಸಾಹೇಬರು ತಲೆ ತಗ್ಗಿಸಿ ಕೇಳಿದರು. ಅವರಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು.

"ಭಟ್ರೆ, ಬೇಜಾರ್ ಮಾಡ್ಕೋಬೇಡಿ. ಇದು ಗೀರು. ರೆಕಾರ್ಡು ಒಂದು ಸುತ್ತು ತಿರುಗಿದರೆ ಒಂದು ಬರ್ತದೆ ನೋಡಿ, ಸಮಾ ಅಂತರದಲ್ಲಿ." ತಮ್ಮದನ್ನು ಟವೆಲಿನ ಸಮೇತ ಮುಂದೆ ಸರಿಸಿದರು. "ನನಗೆ ಮಕ್ಕಳು ಮೊಬೈಲಲ್ಲಿ ಹಾಕಿಕೊಡ್ತಾರೆ. ಇದನ್ನು ಇಷ್ಟು ಪ್ರೀತಿಯಿಂದ ಕೇಳೋರು ನೀವು. ನೀವೇ ಇಟ್ಕೊಳ್ಳಿ."

"ಬೇಡ," ಎಂದರು ಭಾವ. "ನಿಮ್ಮದು ಭಾರೀ ಚಂದ ಇದೆ. ಆದರೆ ಅದರಲ್ಲಿ ಬಳೆ ಇಲ್ಲ."

"ಇದರಲ್ಲೂ ಬಳೆ ಇಲ್ಲ ಭಟ್ರೆ. ಗೀರು."

"ಬಳೆಯೇ. ನಾನು ನೋಡಿದ್ದೇನೆ."

"ಎಲ್ಲಿ ನೋಡಿದ್ರಿ? ಮುಂಬೈಯಲ್ಲಾ?"

"ಇಲ್ಲೇ." ಭಾವ ಕನ್ನಡಕ ತೆಗೆದು ಒರೆಸತೊಡಗಿದರು. "ಅಂಗಡಿ ಕೀಲಿ ಮರೆತಿದ್ದೆ. ತಗೊಂಡು ಹೋಗಲಿಕ್ಕೆ ಬಂದೆ. ಒಳಗೆ ಹಾಡು ಕೇಳ್ತಿತ್ತು. ಬಾಗಿಲ ಸಂದಿಯಿಂದ ನೋಡಿದರೆ, ಆಗ ನಮ್ಮ ಮದುವೆಯಾಗಿ ಎಷ್ಟು ದಿನ ಆಗಿತ್ತು, ಕೈತುಂಬ ಹಸಿರು ಬಳೆ ಹಾಕಿಕೊಂಡು ಈ ಪ್ಲೇಯರಿನ ಎದುರಿಗೆ ಕೂತಿದ್ದಳು ಇವಳು. ಬಳೆ ಸಿಕ್ಕಿಬಿತ್ತು. ಹೆದರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಒಳಗೆ ಬರಲಿಲ್ಲ. ಪೇಟೆಗೆ ಹೋಗಿ ಚಾ ಕುಡಿದೆ."

ಬಾಗಿಲ ಆಚೆ ಸೆರಗು ಅಲುಗಾಡಲಿಲ್ಲ.

"ಅದಕ್ಕೂ ಮೊದಲು ಈ ಹಾಡು ಕೇಳಿದ್ದು ಕಡಿಮೆ," ಎಂದರು ಭಾವ. "ಸದ್ದು ಹಿಡಿದದ್ದು ಚೆನ್ನಾಗಿದೆ ಅಂತ ತಂದದ್ದು, ಅಷ್ಟೇ."

ಸಾಹೇಬರು ತಮ್ಮ ರೆಕಾರ್ಡನ್ನು ಮೆಲ್ಲಗೆ ಟವೆಲಿನಲ್ಲಿ ಸುತ್ತಿಕೊಂಡರು. "ಅಕ್ಕನವರೇ," ಎಂದು ಬಾಗಿಲ ಕಡೆಗೆ ಕರೆದು, "ಮಜ್ಜಿಗೆ ಇದ್ದರೆ ಇನ್ನೊಂದು ಲೋಟ ಕೊಡ್ತೀರಾ?" ಎಂದರು. ಅಕ್ಕ ತಂದಳು. ಅಷ್ಟರಲ್ಲಿ ಮಲ್ಲಿಗೆ ಮುಡಿದಾಗಿತ್ತು. ಭಾವನ ಮುಂದೆ ಲೋಟ ಇಡುತ್ತ ಹೇಳಿದಳು: "ಕೀಲಿ ಮರೆಯೋ ಬುದ್ಧಿ ಇವತ್ತಿಗೂ ಹೋಜಿಲ್ಲೆ ನಿಂಗ್ಳಿಗೆ."

ಮರುದಿನದ ದೋಸೆ ಬಹಳ ಹುಳಿಯಾಗಿತ್ತೆಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ತಿಳಿಸಿದ್ದಾರೆ.

ಹೋದ ಭಾನುವಾರ ಸಾಹೇಬರು ಮತ್ತೆ ಹೊನ್ನಾವರಕ್ಕೆ ಬಂದಿದ್ದರು. ತಮ್ಮ ರೆಕಾರ್ಡು ತಂದಿರಲಿಲ್ಲ. ನಾನೂ ಹೋಗಿದ್ದೆ. ಎರಡನೇ ಮಗ್ಗುಲು ಹಾಕುವ ಮೊದಲು ಅಕ್ಕ ಒಂದು ಕುರ್ಚಿ ಎಳೆದು ತಂದು ತಬಲದವನ ಮೂಲೆಯಲ್ಲಿ ಕೂತಳು. ಭಾವ ಏಳಿಸಲಿಲ್ಲ. ಫ್ರಿಜ್ಜು ಆಗಲೇ ಬಂದ್ ಆಗಿತ್ತು. ಬಂದ್ ಮಾಡಿದವಳು ಅಕ್ಕ.