ಮುತ್ಲಾ ಪರ್ವತವೂ ಕೋರಿರೊಟ್ಟಿಯೂ

ಈ ಚಳಿಗಾಲ ಮುಗಿಯುವುದರೊಳಗೆ ಹಿಮಪರ್ವತವೊಂದರ ನೆತ್ತಿಯ ಮೇಲೆ ಕಾಲಿಡದೆ ಬಿಡುವುದಿಲ್ಲ ಎಂದು ನಾನು ಶಪಥ ಮಾಡಿದ್ದು ಕುವೈತಿನಲ್ಲಿ. ಹೌದು, ಕುವೈತಿನಲ್ಲೇ! ಹಿಮವೆಂದರೆ ಫ್ರೀಜರಿನಲ್ಲಿ ಬಂಗುಡೆ ಮೀನಿನ ಸುತ್ತ ಕಟ್ಟಿಕೊಳ್ಳುವ ವಸ್ತು, ಪರ್ವತವೆಂದರೆ ಫ್ಲೈಓವರ್ ಎಂದು ತಿಳಿದು ನಮ್ಮ ಮಕ್ಕಳು ಬೆಳೆಯುವ ಈ ಚಪ್ಪಟೆ ದೇಶದಲ್ಲಿ! ಆದರೆ ಮಹಾಪುರುಷರ ಸಂಕಲ್ಪಕ್ಕೆ ಭೂಗೋಳದ ಹಂಗಿರುವುದಿಲ್ಲ.

ಸಂಕಲ್ಪಕ್ಕೆ ಕಾರಣನಾದವನು ಮಥಾಯಸ್. ಮಿರ್ಕಾಬ್ ಬಡಾವಣೆಯ ನಮ್ಮ ಆಫೀಸಿನಲ್ಲಿ ನಾನು ಪರ್ಚೇಸ್ ವಿಭಾಗ, ಅವನು ಸೇಫ್ಟಿ ಆಫೀಸರ್. ಊರಲ್ಲಿ ನನ್ನದು ಮೂಲ್ಕಿ, ಅವನದು ಕಿನ್ನಿಗೋಳಿ. ಪ್ರತಿ ಚಳಿಗಾಲದಲ್ಲೂ ಅವನು ರಜೆ ಹಾಕಿ ಜಾರ್ಜಿಯಾ ದೇಶಕ್ಕೆ ಹೋಗುತ್ತಾನೆ. ಕಾಲಿಗೆ ಸ್ಕೀ ಎಂಬ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿ ಬರುತ್ತಾನೆ. ಈ ಸಲದ್ದು ದೊಡ್ಡ ಸಾಹಸ. ತಂತಿಯ ಮೇಲಿನ ಕುರ್ಚಿಯಲ್ಲಿ ಕುಳಿತು ಮೇಲೆ ಹೋಗುವುದಲ್ಲ, ಹಲಗೆ ಕಟ್ಟಿದ ಕಾಲಲ್ಲೇ ನಡೆದು ಹತ್ತುವುದು! ರಾತ್ರಿ ದಾರಿಯ ನಡುವಿನ ಕಲ್ಲಿನ ಗುಡಿಸಲಲ್ಲಿ ಮಲಗಿ, ಬೆಳಿಗ್ಗೆ ಶಿಖರ ಮುಟ್ಟಿ, ಜಾರುತ್ತಾ ಇಳಿಯುವುದು. ತಂಡದ ಒಬ್ಬನಿಗೆ ರಜೆ ಸಿಗದೆ ಒಂದು ಜಾಗ ಖಾಲಿ ಉಳಿದಿತ್ತು.

“ಆ ಜಾಗ ನನಗೆ!” ಎಂದೆ.

“ಲಿಫ್ಟ್ ಹಾಳಾದ ದಿನ ನೀನು ಆಫೀಸಿಗೇ ಬರ್ಲಿಲ್ಲ ಅಲ್ವಾ ಮಾರಾಯ?” ಎಂದ ಮಥಾಯಸ್.

“ಅದು ಬೇರೆ. ಮೆಟ್ಲು ಹತ್ತಿದ್ರೆ ಅಲ್ಲಿ ಸಿಗುದು ಆಫೀಸು!”

ಮಥಾಯಸ್ ಯೋಚಿಸಿ ಒಂದು ಪರೀಕ್ಷೆ ಒಡ್ಡಿದ. ಗುರುವಾರ ಸಂಜೆ ಮುತ್ಲಾಕ್ಕೆ ಹೋಗಿ ಡೇರೆಯಲ್ಲಿ ಮಲಗಬೇಕು. ಶುಕ್ರವಾರ ಬೆಳಿಗ್ಗೆ ಬೆನ್ನಿಗೆ ಪೂರ್ತಿ ಚೀಲ ಹೊತ್ತು ಸ್ಕೀ ಮೇಲೆ ಮರಳಿನ ಇಳಿಜಾರು ಹತ್ತಿ, ಹಾಗೆಯೇ ಇಳಿಯಬೇಕು. ಬೀಳದೆ ನಿಂತ ಕಾಲಲ್ಲಿ ಕೆಳಗೆ ಬಂದರೆ ಜಾಗ ನನ್ನದು, ಬಿದ್ದರೆ ಖಲಾಸ್.

ಮುತ್ಲಾ ಎಂಬುದು ಕುವೈತಿನ ಉತ್ತರದಲ್ಲಿರುವ ಒಂದು ದಿಬ್ಬ. ನಮ್ಮ ಕಡೆಯಾದರೆ ಅದನ್ನು ಗುಡ್ಡೆ ಎನ್ನಲೂ ಜನ ಹಿಂದೆಮುಂದೆ ನೋಡಿಯಾರು. ಇಲ್ಲಿ ಅದೇ ಮೇರುಪರ್ವತ! ನಾನು ಅಂದೇ ವಾಟ್ಸಾಪಿನಲ್ಲಿದ್ದ ನನ್ನ ಫೋಟೋ ತೆಗೆದುಹಾಕಿ ಹಿಮಶಿಖರದ ಚಿತ್ರ ಹಾಕಿದೆ. ಬ್ಯಾಡ್ಮಿಂಟನ್ ಗೆಳೆಯರಿಗೆ, ಕ್ಷೌರದಂಗಡಿಯವನಿಗೆ, ಕೊನೆಗೆ ರಾಂಗ್ ನಂಬರಾಗಿ ಫೋನ್ ಮಾಡಿದವರೊಬ್ಬರಿಗೂ ವಿಷಯ ತಿಳಿಸಿದೆ. ಇನ್ನು ಹಿಂದೆ ಸರಿದರೆ ಕುವೈತಿನಲ್ಲಿ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ.

ನನ್ನ ಹೆಂಡತಿ ಪುಷ್ಪಾವತಿ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಷನ್ನಿನಲ್ಲಿದ್ದಾಳೆ. ಜೀವನದಲ್ಲಿ ಒಮ್ಮೆಯೂ ಶಪಥ ಮಾಡಿದವಳಲ್ಲ. ಕೆಲಸ ಮುಗಿಸುವುದರಲ್ಲೇ ಅವಳಿಗೆ ಪುರುಸೊತ್ತಿಲ್ಲ. ಗುರುವಾರ ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದಾಗ ನಾನು ಅಟ್ಟದ ಡಬ್ಬ ಇಳಿಸುತ್ತಿದ್ದೆ.

“ಅದು ಅಮ್ಮ ಊರಿಂದ ಕಳಿಸಿದ ರೊಟ್ಟಿ. ಯಾಕೆ ತೆಗೀತಿದ್ದೀರಿ?”

“ಮಥಾಯಸ್ ಒಣ ಆಹಾರ ಮಾತ್ರ ತರ್ಲಿಕ್ಕೆ ಹೇಳಿದ್ದಾನೆ. ಕೋರಿರೊಟ್ಟಿಗಿಂತ ಒಣ ಆಹಾರ ಪ್ರಪಂಚದಲ್ಲಿ ಯಾವುದುಂಟು, ಹೇಳು?”

“ಅವರು ಹೇಳಿದ್ದು ಖರ್ಜೂರ, ಬಾದಾಮಿ. ಮತ್ತೆ ಒಲೆ ಮೇಲೆ ಇರುದು ಎಂತ?”

“ಕೋರಿ ಗಸಿ. ಗಸಿ ಇಲ್ಲದೆ ರೊಟ್ಟಿ ತಿನ್ಲಿಕ್ಕೆ ಆಗ್ತದಾ? ಶಿಖರದ ಮೇಲೆ ವಿಜಯಭೋಜನ!”

“ಗಸಿ ಒಣ ಆಹಾರವಾ?”

“ಸರಾಸರಿ ತೆಗೆದ್ರೆ ಒಣವೇ!”

ತೆಳ್ಳಗೆ, ಗರಿಗರಿಯಾಗಿ, ಉಸಿರು ತಾಗಿದರೆ ಮುರಿಯುವ ಅಕ್ಕಿರೊಟ್ಟಿಯ ಪ್ಯಾಕೆಟ್ಟುಗಳನ್ನು ಚೀಲದ ತುಂಬ ಜೋಡಿಸಿದೆ. ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕೆಂಪು ಕೆಂಪು ಗಸಿ, ಅಂದರೆ ಕೋಳಿಸಾರು. ಪುಷ್ಪಾವತಿ ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿ, “ನಾನೂ ಬರ್ತೇನೆ,” ಎಂದಳು. ಗಂಡನ ಪರಾಕ್ರಮವನ್ನು ಕಣ್ತುಂಬಿಕೊಳ್ಳುವ ಆಸೆ ಎಂದುಕೊಂಡೆ. ಮಗಳು ತೃಷಾ, “ಐ ವಿಲ್ ಶೂಟ್ ಇಟ್,” ಎಂದು ಮೊಬೈಲ್ ಚಾರ್ಜಿಗೆ ಹಾಕಿದಳು.

ಡೇರೆಯಲ್ಲಿ ಚಳಿ ಹೊಡೆಯಿತು ಎಂಬುದನ್ನು ಬಿಟ್ಟರೆ ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಮಥಾಯಸ್ ದಿಬ್ಬದ ಬುಡದಲ್ಲಿ ಪಾಠ ಶುರು ಮಾಡಿದ. ಗಾಳಿ ತಂದು ಗುಡ್ಡೆ ಹಾಕಿದ ಮರಳು ಮೇಲಿನಿಂದ ಕೆಳಗಿನವರೆಗೆ ಜಾರುಬಂಡಿಯಾಗಿತ್ತು. ಹಲಗೆಯ ಅಡಿಗೆ ತುಪ್ಪಳದಂಥ ಪಟ್ಟಿ ಅಂಟಿಸಿದರೆ ಅದು ಮುಂದಕ್ಕೆ ಮಾತ್ರ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ, ಇಳಿಯುವ ಮೊದಲು ಪಟ್ಟಿ ಕಿತ್ತುಬಿಡಬೇಕು, ಮೊಣಕಾಲು ಮಡಚಬೇಕು, ಕಣ್ಣು ನಾವು ಹೋಗಬೇಕಾದ ಜಾಗದ ಮೇಲಿರಬೇಕು, ಕಾಲಿನ ಮೇಲಲ್ಲ. ನಾನು ಇದನ್ನೆಲ್ಲ ಯೂಟ್ಯೂಬಿನಲ್ಲಿ ನೋಡಿದ್ದರಿಂದ ಆ ಹೊತ್ತನ್ನು ಸೆಲ್ಫಿಗೆ ಬಳಸಿದೆ.

ತಿರುಗಿ ನೋಡುತ್ತೇನೆ, ಪುಷ್ಪಾವತಿ ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು ಸ್ಕೀ ಮೇಲೆ ನಿಂತಿದ್ದಾಳೆ! ಮಥಾಯಸ್ ತಂದಿದ್ದ ತನ್ನ ಹೆಂಡತಿಯ ಬೂಟು ಅವಳ ಕಾಲಿಗೆ ಸರಿಯಾಗಿ ಕೂತಿತ್ತು. ಬೆನ್ನಿಗೆ ಮಥಾಯಸನದೇ ಚೀಲ.

“ನೀನು ಎಲ್ಲಿಗೆ?”

“ಇಲ್ಲಿವರೆಗೆ ಬಂದು ಮರಳಲ್ಲಿ ಕೂತು ಎಂತ ಮಾಡುದು? ನಿಮ್ಮೊಟ್ಟಿಗೆ ಹತ್ತುತ್ತೇನೆ.”

“ಬಾ. ಸುಸ್ತಾದ್ರೆ ನನ್ನ ಕೈ ಹಿಡ್ಕೋ,” ಎಂದೆ, ಔದಾರ್ಯದಿಂದ.

ಹತ್ತಲು ಶುರು ಮಾಡಿದೆವು. ಹಿಂದಕ್ಕೆ ಜಾರದ ಆ ಪಟ್ಟಿಯ ಮೇಲೂ ನಾನು ಹಿಂದಕ್ಕೆ ಜಾರಿದೆ! ವಿಜಯಭೋಜನ ನನ್ನನ್ನು ಬೆನ್ನು ಹಿಡಿದು ಕೆಳಗೆ ಎಳೆಯುತ್ತಿತ್ತು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ, ನಡುವೆ ಒಂದು ದೀರ್ಘ ನಿಟ್ಟುಸಿರು. ಪುಷ್ಪಾವತಿ ಮಾತ್ರ ಅವಸರವಿಲ್ಲದೆ, ಉಸಿರು ಹಾಳು ಮಾಡಿಕೊಳ್ಳದೆ, ಓರೆ ಓರೆಯಾಗಿ ದಾರಿ ಹಿಡಿದು ಹೋಗುತ್ತಿದ್ದಳು. ನಾನು ತಲುಪುವಾಗ ಅವಳು ಮೇಲೆ ನಿಂತು ದೂರದ ಕೊಲ್ಲಿಯ ನೀಲಿ ನೀರು ನೋಡುತ್ತಿದ್ದಳು.

“ಎಷ್ಟು ಚಂದ ಅಲ್ವಾ?” ಎಂದಳು.

ನನ್ನ ಕಣ್ಣಿಗೆ ಕಾಣುತ್ತಿದ್ದುದು ನಕ್ಷತ್ರಗಳು ಮಾತ್ರ. ಕೆಳಗಿನಿಂದ ಮಥಾಯಸ್, “ಗಾಳಿ ಏಳ್ತಾ ಉಂಟು, ಯಲ್ಲಾ, ಬೇಗ ಇಳೀರಿ!” ಎಂದು ಕೂಗಿದ. ಭೋಜನ ಮುಂದೂಡಿದೆ. “ಮೊದಲು ನಾನು. ಹೇಗೆ ಇಳಿಯುದು ಅಂತ ನೋಡಿ ಕಲಿತುಕೋ,” ಎಂದು ಪಟ್ಟಿ ಕಿತ್ತು, ಎದೆ ಉಬ್ಬಿಸಿ ಹೊರಟೆ.

ಹೊರಟದ್ದು ನಾನೇ, ಸಂಶಯವಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲೇ ಆಡಳಿತ ಹಲಗೆಗಳ ಕೈಗೆ ಹೋಯಿತು! ಎಡಗಾಲು ಇರಾಕಿನ ಕಡೆಗೂ ಬಲಗಾಲು ಸೌದಿಯ ಕಡೆಗೂ ಹೊರಟವು. ನಾನು ಎರಡೂ ದೇಶಗಳನ್ನು ಒಗ್ಗೂಡಿಸಲು ಯತ್ನಿಸುತ್ತಿರುವಾಗಲೇ ಆಕಾಶ ಕೆಳಗೆ ಬಂತು, ಮರಳು ಮೇಲೆ ಹೋಯಿತು, ನಾನು ಅಂಗಾತ ಚೀಲದ ಮೇಲೆ ಬಿದ್ದೆ.

ಕಟ ಕಟ ಕಟ ಕಟಾರ್!

ಇಡೀ ಮರುಭೂಮಿಗೆ ಕೇಳಿಸಿತು. ನಾನು ಅಲ್ಲಾಡದೆ ಮಲಗಿದೆ. ನೋವಿರಲಿಲ್ಲ. ಬೆನ್ನುಮೂಳೆ ಮುರಿದರೆ ನೋವು ಗೊತ್ತಾಗುವುದಿಲ್ಲ ಎಂದು ಎಲ್ಲೋ ಓದಿದ್ದೆ. ನನಗೆ ಚೂರೂ ನೋವಿಲ್ಲ. ಹಾಗಾದರೆ ಮುರಿದಿರುವುದು ಖಚಿತ! ಅಷ್ಟರಲ್ಲಿ ಬೆನ್ನಿನಿಂದ ತಣ್ಣಗೆ ಏನೋ ಹರಿದು ಮರಳನ್ನು ಕೆಂಪಾಗಿಸಿತು.

“ಬ್ಲಡ್ಡು!” ಎಂದು ಚೀರಿದ ಮಥಾಯಸ್. ಸೇಫ್ಟಿ ಆಫೀಸರ್ ಅಲ್ಲವೇ, ಇಷ್ಟು ವರ್ಷ ಕಲಿತದ್ದನ್ನೆಲ್ಲ ಬಳಸುವ ದಿನ ಬಂದಿತ್ತು. “ಅಲ್ಲಾಡ್ಬೇಡ! ಕಾಲಿನ ಬೆರಳು ಆಡಿಸು, ನೋಡುವ!” ಎನ್ನುತ್ತಾ ಮರಳಲ್ಲಿ ಏಳುತ್ತಾ ಬೀಳುತ್ತಾ ಮೇಲೆ ಬರತೊಡಗಿದ.

“ಬೆರಳು ಬೂಟಿನೊಳಗೆ ಉಂಟು ಮಾರಾಯ, ನಿನಗೆ ಹೇಗೆ ಕಾಣ್ತದೆ?”

ಪಕ್ಕದ ಡೇರೆಯ ಕುವೈತಿ ಹಿರಿಯರೊಬ್ಬರು ಚಹಾದ ಲೋಟ ಬಿಟ್ಟು, “ಯಾ ಅಲ್ಲಾ!” ಎಂದು ಆಂಬುಲೆನ್ಸಿಗೆಂದು ಫೋನ್ ತೆಗೆದು ಓಡಿಬಂದರು. ನನ್ನ ಕಣ್ಣು ಮಂಜಾಯಿತು. “ತೃಷಾ, ಅಮ್ಮನನ್ನು ಚೆನ್ನಾಗಿ ನೋಡ್ಕೋ ಮಗಾ...” ಎಂದೆ ಕ್ಷೀಣ ಸ್ವರದಲ್ಲಿ.

“ಡೋಂಟ್ ಮೂವ್, ಅಪ್ಪಾ! ಐ ಆಮ್ ರೆಕಾರ್ಡಿಂಗ್!”

ಆಗಲೇ ನಾನು ಮೇಲೆ ನೋಡಿದ್ದು. ಪುಷ್ಪಾವತಿ ಇಳಿದು ಬರುತ್ತಿದ್ದಳು. ಬರುತ್ತಿದ್ದಳು ಎಂದರೆ ಕಡಿಮೆಯಾಯಿತು. ಮೊಣಕಾಲು ಮಡಚಿ, ಕಣ್ಣು ನನ್ನ ಮೇಲೆ ನೆಟ್ಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮರಳನ್ನು ಸೀಳುತ್ತಾ, ದುಪ್ಪಟ್ಟಾದ ತುದಿ ಹಿಂದೆ ಹಾರುತ್ತಾ! ಸ್ಕೂಟರಿನ ಹಿಂದೆ ಕೂರಲೂ ಹೆದರುತ್ತಾಳೆ ಎಂದು ನಾನು ನಂಬಿದ್ದ ಹೆಣ್ಣು ಇವಳೇನಾ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಇವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮುರಿದ ಬೆನ್ನನ್ನು ಮರೆತು ಕತ್ತೆತ್ತಿ ಹೆಮ್ಮೆಯಿಂದ ನೋಡಿದೆ. ಸಾಯುವುದಾದರೂ ಇಂಥವಳ ಗಂಡನಾಗಿ ಸಾಯುತ್ತಿದ್ದೇನಲ್ಲ!

ಅವಳು ನನ್ನ ಪಕ್ಕದಲ್ಲಿ ಗಕ್ಕನೆ ನಿಂತಳು. ಬಗ್ಗಿ, ಕೆಂಪಿಗೆ ಬೆರಳು ಅದ್ದಿ, ನಾಲಿಗೆಗೆ ಹಚ್ಚಿಕೊಂಡಳು. ಕುವೈತಿ ಹಿರಿಯರು ಬೆಚ್ಚಿ ಹಿಂದೆ ಸರಿದರು.

“ಉಪ್ಪು ಸರಿ ಉಂಟು. ಹುಳಿ ಸ್ವಲ್ಪ ಜಾಸ್ತಿ ಆಯ್ತು,” ಎಂದಳು.

ಮಥಾಯಸ್ ಇದ್ದಲ್ಲೇ ಮರಳಿನ ಮೇಲೆ ಕುಸಿದು ಕೂತ. ನಾನು ಮೆಲ್ಲನೆ ಎದ್ದು ಕೂತೆ. ಬೆನ್ನುಮೂಳೆ ಲಕ್ಷಣವಾಗಿತ್ತು.

“ಆದ್ರೂ ಪುಷ್ಪಾ, ನನಗೋಸ್ಕರ ಹಾರಿ ಬಂದೆಯಲ್ಲ...”

“ಶಬ್ದ ಕೇಳಿದಾಗ್ಲೇ ಗೊತ್ತಾಯ್ತು ರೊಟ್ಟಿ ಹೋಯ್ತು ಅಂತ. ಮೂಳೆ ಅಷ್ಟು ಗರಿಗರಿ ಮುರಿಯುದಿಲ್ಲ ಮಾರಾಯ್ರೆ! ಒಂದು ಪ್ಯಾಕೆಟಾದ್ರೂ ಉಳಿಸುವ ಅಂತ ಬಂದದ್ದು.”

ಉಳಿದದ್ದು ಪುಡಿ. ಡಬ್ಬಿಯ ತಳದಲ್ಲಿ ಸ್ವಲ್ಪ ಗಸಿಯಿತ್ತು. ಹಿರಿಯರು ಫೋನ್ ಜೇಬಿಗೆ ಹಾಕಿ ಒಂದು ರೊಟ್ಟಿ ಚೂರನ್ನು ಅನುಮಾನದಿಂದಲೇ ಅದ್ದಿ ತಿಂದರು. ಬಹಳ ಚೆನ್ನಾಗಿದೆ ಎಂಬರ್ಥದಲ್ಲಿ “ವಾಯಿದ್ ಜೈನ್!” ಎಂದು ತಲೆದೂಗಿ, ನನ್ನ ಚೀಲವನ್ನು ತಾವೇ ಮಡಿಲಿಗೆಳೆದುಕೊಂಡು ಕೂತರು. ರಕ್ಷಣಾ ಕಾರ್ಯಾಚರಣೆ ಹೀಗೆ ಉಪಾಹಾರದಲ್ಲಿ ಮುಕ್ತಾಯವಾಯಿತು.

ನಾನು ಕೊನೆಯ ಅಸ್ತ್ರ ಬಿಟ್ಟೆ. “ಮಥಾಯಸ್, ಅರ್ಧದವರೆಗೆ ನಾನು ನಿಂತೇ ಬಂದಿದ್ದೆ, ನೋಡಿದ್ದೀಯಲ್ಲ?”

ಅವನು ನನ್ನ ಕಡೆ ತಿರುಗಲೂ ಇಲ್ಲ. “ಪುಷ್ಪಕ್ಕ, ಆ ತಿರುವು ನನಗೆ ಬರ್ಲಿಕ್ಕೆ ಎರಡು ಚಳಿಗಾಲ ಹಿಡಿದಿದೆ. ಜಾಗ ನಿಮ್ಮದು. ಬರ್ತೀರಾ?”

ಪುಷ್ಪಾವತಿಯ ಮುಖ ಒಮ್ಮೆ ಬೆಳಗಿತು. ಮರುಗಳಿಗೆ ನನ್ನನ್ನು ನೋಡಿ ಆ ಬೆಳಕನ್ನು ತಾನೇ ಆರಿಸಿಕೊಂಡಳು. “ಬೇಡ ಮಥಾಯಸಣ್ಣ. ಆಸೆ ಇದ್ದದ್ದು ಇವರಿಗೆ. ಎಲ್ಲರಿಗೂ ಹೇಳಿ ಆಗಿದೆ ಪಾಪ.”

ಬಿದ್ದಾಗ ಆಗದ ನೋವು ನನಗೆ ಆಗ ಆಯಿತು. ಆ ಬೆಳಕು ಒಂದು ಗಳಿಗೆ ಮಾತ್ರ ಇತ್ತು, ಆದರೆ ನಾನು ನೋಡಿಬಿಟ್ಟಿದ್ದೆ. “ಎಂತ ಬೇಡ? ನೀನು ಹೋಗ್ಲೇಬೇಕು!” ಎಂದೆ. “ಎಲ್ಲರಿಗೂ ಹೇಳಿದವ ನಾನೇ ಅಲ್ವಾ, ತಿದ್ದಿ ಹೇಳುವವನೂ ನಾನೇ.”

ಹೇಳಿದೆ ಕೂಡ. ಬ್ಯಾಡ್ಮಿಂಟನ್ ಗೆಳೆಯರಿಗೆ, ಕ್ಷೌರದಂಗಡಿಯವನಿಗೆ, ಎಲ್ಲರಿಗೂ. ನನ್ನ ಬಗ್ಗೆ ಜಂಬ ಕೊಚ್ಚಿಕೊಳ್ಳುವಾಗ ಮಧ್ಯೆ ಮಧ್ಯೆ ಸುಳ್ಳು ಸೇರಿಸಬೇಕಿತ್ತು. ಹೆಂಡತಿಯ ವಿಷಯದಲ್ಲಿ ಆ ಕಷ್ಟವೇ ಇರಲಿಲ್ಲ. ಫೆಬ್ರವರಿಯಲ್ಲಿ ಅವಳು ತಂಡದೊಂದಿಗೆ ವಿಮಾನ ಹತ್ತಿದಳು. ನಾನು ಮನೆಯಲ್ಲಿ ತೃಷಾಳ ಟಿಫಿನ್ ಕಟ್ಟಿದೆ. ಪರ್ವತದಿಂದ ಸುದ್ದಿಯಿಲ್ಲದೆ ಒಂದು ರಾತ್ರಿ ಕಳೆಯಿತು. ಊಟ ಸೇರಲಿಲ್ಲ.

ಮರುದಿನ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಚಳಿಗೆ ಕೆಂಪಾದ ಮೂಗು, ಮುಖದ ತುಂಬ ನಗು, ಹಿಂದೆ ಕಣ್ಣು ಕುಕ್ಕುವ ಬಿಳಿ.

“ಹತ್ತಿದೆ ಮಾರಾಯ್ರೆ! ಮೇಲೆ ನಿಂತು ಕೂಗಿದೆ ಕೂಡ! ಈಗ ಇಳಿದು ಗುಡಿಸಲಿಗೆ ಬಂದೆವು. ನಿನ್ನೆ ರಾತ್ರಿ ಇಲ್ಲಿ ನೆಟ್‌ವರ್ಕೇ ಇರ್ಲಿಲ್ಲ.”

“ಬಿದ್ದೆಯಾ?”

“ಒಂದು ಸಲವೂ ಇಲ್ಲ.”

ನಾನು ಕಣ್ಣೊರೆಸಿಕೊಂಡೆ, ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಿದೆ. ಅವಳು ಪರದೆಯ ಹತ್ತಿರ ಬಂದು ಸ್ವರ ತಗ್ಗಿಸಿದಳು.

“ಕೇಳಿ, ಮಥಾಯಸಣ್ಣ ಮುಂದಿನ ವರ್ಷಕ್ಕೆ ನಿಮಗೂ ಒಂದು ಜಾಗ ಮಾತಾಡಿದ್ದಾರೆ.”

ನನ್ನ ಎದೆ ಮತ್ತೆ ಉಬ್ಬಿತು. “ನಿಜವಾ! ಶಿಖರಕ್ಕಾ?”

“ಅಲ್ಲ, ಈ ಗುಡಿಸಲಿಗೆ. ಇಲ್ಲಿ ಚಾ ಮಾಡುವವ ಕೆಲಸ ಬಿಟ್ಟು ಹೋಗಿದ್ದಾನಂತೆ.”

ಗಂಡಸಿನ ಮಾನ, ಶಪಥ, ಮೂಲ್ಕಿಯ ಮರ್ಯಾದೆ, ಎಲ್ಲವನ್ನೂ ತೂಗಿ ನೋಡಿದೆ. ಆಮೇಲೆ ಕೇಳಿದೆ:

“ಅಲ್ಲಿ ಶುಂಠಿ ಸಿಗ್ತದಾ?”