ಓರ್ಬೆಟ್ಟಾ ವಾಚಿನ ಸ್ಥಳಪುರಾಣ

ಹಲ್ಲಿನ ಸೆಟ್ಟು ಮಾಡುವ ಕೋಣೆಯಲ್ಲಿ ಹದಿನೈದು ವರ್ಷ ಬಾಯಿಲ್ಲದ ಹಲ್ಲುಗಳ ಜೊತೆ ಕಳೆದ ಆ ಮನುಷ್ಯನಿಗೆ ನಲವತ್ತೆರಡನೇ ವಯಸ್ಸಿನಲ್ಲಿ ಒಂದು ಘನವಾದ ಯೋಚನೆ ಹೊಳೆಯಿತು. ದೊಡ್ಡ ಕಂಪನಿಯ ಕೈಗಡಿಯಾರಕ್ಕೆ ಜನ ಮನೆಮಠ ಮಾರಿಕೊಳ್ಳುತ್ತಾರೆ. ಯಾರೂ ಹೆಸರೇ ಕೇಳದ ಕಂಪನಿಗಳವು, ಮೂವತ್ತು ಮೂವತ್ತೈದು ವರ್ಷದ ಹಿಂದಿನವು, ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಗುತ್ತವಲ್ಲ! ತೀರಾ ಹಳೆಯವೂ ಅಲ್ಲ, ಹೊಸವೂ ಅಲ್ಲ.

"ನಮ್ಮಿಬ್ಬರ ಹಾಗೆ," ಎಂದಳು ಹೆಂಡತಿ. "ಅದಕ್ಕೇ ಯಾರೂ ತಗೊಳ್ಳಲ್ಲ."

ಅವನು ತಗೊಂಡ. ಎರಡು ವರ್ಷದಲ್ಲಿ ಇಪ್ಪತ್ತಮೂರು. ಸಾಕ್ಸಿನ ಡ್ರಾಯರು ವಾಚುಗಳ ಅರಮನೆಯಾಯಿತು. ಸಾಕ್ಸುಗಳು ಒಂದು ಮೂಲೆಗೆ ಸರಿದು ಪ್ರಜೆಗಳಾದವು. (ಇಷ್ಟಾದರೂ ಮಹಾಶಯ ಒಂದು ದಿನವೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಇಪ್ಪತ್ತಮೂರರಲ್ಲಿ ಯಾವುದನ್ನು ಕಟ್ಟಿಕೊಳ್ಳುವುದೆಂದು ತೀರ್ಮಾನಿಸುವುದಕ್ಕೇ ಅರ್ಧ ಗಂಟೆ ಬೇಕಿತ್ತು.)

ಆ ಸಂಗ್ರಹದ ಪಟ್ಟದರಸಿ "ಓರ್ಬೆಟ್ಟಾ". ನೀಲಿ ಮುಖ, ಚಿನ್ನದ ಬಣ್ಣದ ಮುಳ್ಳುಗಳು, ಕೀಲಿ ಕೊಟ್ಟರೆ ಓಡುವ ಜಾತಿ. ಆ ಕಂಪನಿಯ ಬಗ್ಗೆ ಎಲ್ಲಿ ಹುಡುಕಿದರೂ ಒಂದು ಸಾಲು ಮಾಹಿತಿಯಿರಲಿಲ್ಲ. ಅದರಿಂದ ಅವನಿಗೆ ತುಂಬಾ ಅನುಕೂಲವೇ ಆಯಿತು. ಹೆಸರಿನಲ್ಲೇ ಬೆಟ್ಟವಿದೆ, ಅಂದಮೇಲೆ ಎಲ್ಲೋ ಹಿಮ ಬೀಳುವ ಬೆಟ್ಟದೂರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಬಿಳಿಗಡ್ಡದ ಕುಶಲಕರ್ಮಿಗಳು, ತಲೆತಲಾಂತರದ ವಿದ್ಯೆ! ಇಡೀ ಸ್ಥಳಪುರಾಣವನ್ನೇ ಕಟ್ಟಿಬಿಟ್ಟ.

ಪುರಾಣ ಕೇಳುವುದಕ್ಕೆ ಜನ ಬೇಕಲ್ಲ? ಹೆಂಡತಿ ಮೂರನೇ ವಾಕ್ಯಕ್ಕೇ ಎದ್ದು ಹೋಗುತ್ತಿದ್ದಳು. ಸಿಕ್ಕಿದವರು ಅತ್ತೆ. ಮಂಡಿನೋವೆಂದು ಕಳೆದ ವರ್ಷದಿಂದ ಮಗಳ ಮನೆಯಲ್ಲೇ ಇದ್ದರು; ಬೇಗ ಎದ್ದು ಓಡುವ ಹಾಗಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅತ್ತೆ ಅಳಿಯನ ನಡುವೆ ನಡೆದ ಮಾತುಕತೆ ಒಟ್ಟು ಇಷ್ಟು: "ಬಂದ್ರಾ?" "ಬಂದೆ." "ಊಟ ಆಯ್ತಾ?" "ಆಯ್ತು." ಈಗ ಮೂರು ತಿಂಗಳಿಂದ ಅವನು ಕೆಲಸ ಮುಗಿಸಿ ಬಂದವನೇ ಅವರ ಕುರ್ಚಿಯ ಪಕ್ಕಕ್ಕೆ ಸ್ಟೂಲ್ ಎಳೆದುಕೊಳ್ಳುತ್ತಿದ್ದ.

"ಈ ಮುಳ್ಳಿನ ತುದಿ ನೋಡಿ ಅತ್ತೆ. ಕೈಯಲ್ಲೇ ಉಜ್ಜಿರೋದು! ಇದನ್ನ ಮಾಡಿದವರು ಸಾಮಾನ್ಯರಲ್ಲ."

"ಹೌದಾ? ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದರು ಅತ್ತೆ. ಇನ್ನೊಂದು ಸಲ ಹೇಳುವುದಕ್ಕೆ ಅಳಿಯನಿಗೇನು ಬೇಸರವೇ?

ಒಂದು ಭಾನುವಾರ ವಾಚು ಸಂಗ್ರಹಕಾರರ ಸಂಘ (ಇವನನ್ನು ಬಿಟ್ಟರೆ, ಅಧ್ಯಕ್ಷರೂ ಸೇರಿ ನಾಲ್ಕು ಜನ) ಅವನ ಮನೆಯಲ್ಲಿ ಸಭೆ ಸೇರುವುದೆಂದು ನಿಶ್ಚಯವಾಯಿತು. ವಿಷಯ ಓರ್ಬೆಟ್ಟಾ. ಉಪನ್ಯಾಸಕರು ಇವರೇ. ಹನ್ನೊಂದಕ್ಕೆ ಸಭೆ, ಹತ್ತಕ್ಕೆ ಓರ್ಬೆಟ್ಟಾ ನಿಂತುಹೋಯಿತು.

ಕೀಲಿ ಕೊಟ್ಟ. ಅಲ್ಲಾಡಿಸಿದ. ಕಿವಿಗೆ ಹಿಡಿದು ಬೇಡಿಕೊಂಡ. ವಾಚಿನ ಮುಳ್ಳು ಕದಲಲಿಲ್ಲ.

"ಅಷ್ಟಕ್ಕೆ ಯಾಕ್ರೀ ಒದ್ದಾಡ್ತೀರಾ? ಇನ್ನೂ ಇಪ್ಪತ್ತೆರಡು ಇದಾವಲ್ಲ!"

"ನಿನಗೆ ಅರ್ಥ ಆಗಲ್ಲ ಕಣೇ! ಅಧ್ಯಕ್ಷರ ಮುಂದೆ ಹೆಣ ಇಟ್ಕೊಂಡು ಭಾಷಣ ಮಾಡ್ಲಾ?"

"ಕೊಡಿ ಇಲ್ಲಿ," ಎಂದರು ಅತ್ತೆ.

"ಇದು ತುಂಬಾ ಸೂಕ್ಷ್ಮ ಅತ್ತೆ..."

"ಗೊತ್ತು. ನಿಮ್ಮ ಹಲ್ಲಿನ ಸಾಮಾನಿನ ಡಬ್ಬಿಲಿ ಸಣ್ಣ ಚಿಮಟ ಇದೆಯಲ್ಲ, ಅದನ್ನ ತನ್ನಿ. ಒಂದು ತೆಳು ಚಾಕುನೂ ಬೇಕು."

ಅತ್ತೆ ಕನ್ನಡಕ ಏರಿಸಿಕೊಂಡು ಹಿಂದಿನ ಮುಚ್ಚಳವನ್ನು ಟಪ್ಪೆಂದು ಎಬ್ಬಿಸಿದರು. ಅಳಿಯ ಕಣ್ಣು ಮುಚ್ಚಿಕೊಂಡ.

"ಚಕ್ರದ ಹಲ್ಲಿಗೆ ನಾರು ಸಿಕ್ಕಿದೆ. ಸಾಕ್ಸಿನ ಜೊತೆ ಇಟ್ರೆ ಇನ್ನೇನಾಗುತ್ತೆ? ದಿನಾ ಹಲ್ಲಿನ ಕೆಲಸನೇ ಮಾಡ್ತೀರಿ, ಇಷ್ಟೂ ಗೊತ್ತಾಗ್ಲಿಲ್ವಾ?"

ಟಿಕ್ ಟಿಕ್ ಸದ್ದು ಶುರುವಾಯಿತು. ಅವನು ಕಣ್ಣು ಬಿಟ್ಟಾಗ ಅತ್ತೆ ಮುಚ್ಚಳದ ಒಳಗೆ ಗೀಚಿದ್ದ ಸಣ್ಣ ಗುರುತನ್ನು ನೋಡುತ್ತಿದ್ದರು.

"ಎರಡನೇ ಟೇಬಲ್ಲಿನವಳ ಗುರುತು ಇದು. ಅವಳಿಗೆ ಯಾವಾಗ್ಲೂ ಅವಸರ. ನಾನು ಜೋಡಿಸಿದ್ದಾಗಿದ್ರೆ ನಿಲ್ತಾನೇ ಇರ್ಲಿಲ್ಲ."

ಅಳಿಯ ಬಾಯಿ ತೆರೆದ. ಹಲ್ಲಿನ ಅಚ್ಚು ತೆಗೆಯಬಹುದಾದಷ್ಟು ತೆರೆದ.

"ಅತ್ತೆ... ಆ ಹಿಮದ ಊರು?"

"ಹಿಟ್ಟಿನ ಗಿರಣಿ ಮೇಲಿನ ಮಹಡಿ. ಒಂಬತ್ತು ಜನ ಹೆಂಗಸರು. ಹಿಟ್ಟು ಹಾರಿ ಬರುತ್ತೆ ಅಂತ ಕಿಟಕಿ ಮುಚ್ಕೊಂಡು ಕೂರ್ತಿದ್ವಿ. ಬೇಕಾದ್ರೆ ಅದನ್ನೇ ಹಿಮ ಅನ್ಕೊಳ್ಳಿ."

"ಹೆಸರು? ಬೆಟ್ಟ?"

"ಮಾಲೀಕರು ಸೊಂಟಕ್ಕೆ ಹಚ್ಕೊಳ್ಳೋ ಮುಲಾಮಿನ ಹೆಸರು. ಒಂದಕ್ಷರ ಬದಲಾಯಿಸಿದ್ರು, ಅಷ್ಟೇ."

ಅವನು ಹೆಂಡತಿಯ ಕಡೆ ತಿರುಗಿದ. "ನಿನಗೂ ಗೊತ್ತಿತ್ತೇನೇ?"

"ಮದುವೆಯಾದ ವಾರವೇ ಹೇಳಿದ್ದೆ, ಅಮ್ಮ ವಾಚು ಜೋಡಿಸಿ ನನ್ನ ಓದಿಸಿದ್ಲು ಅಂತ. ನನ್ನ ಮಾತು ಯಾವತ್ತು ಕಿವಿಗೆ ಹಾಕ್ಕೊಂಡಿದ್ದೀರಿ ನೀವು?"

"ನೀವಾದ್ರೂ ಹೇಳಬಾರದಿತ್ತಾ ಅತ್ತೆ? ಮೂರು ತಿಂಗಳಿಂದ ನನ್ನ ಬುರುಡೆ ಕೇಳ್ತಾ ಕೂತಿದ್ರಲ್ಲ!"

ಅತ್ತೆ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರು. "ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ. ಇಷ್ಟು ವರ್ಷದಲ್ಲಿ ನನ್ನ ಪಕ್ಕ ಕೂತು ಮಾತಾಡಿದ್ದು ಇದೊಂದೇ ವಿಷಯ. ಅದೂ ಅಲ್ಲದೆ, ನಾವು ಒಂಬತ್ತು ಜನ ಮಾಡಿದ ಕೆಲಸನ ಆವತ್ತಿಂದ ಇವತ್ತಿನವರೆಗೆ ಯಾರೂ ಹೊಗಳಿರ್ಲಿಲ್ಲ ಅಳಿಯಂದ್ರೇ. ಕೇಳೋಕೆ ಆಸೆ ಆಗ್ತಿತ್ತು."

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಆರು ಪುಟದ ಉಪನ್ಯಾಸ ಜೇಬಿನಲ್ಲಿತ್ತು; ಓದಿದ್ದರೆ ನಡೆದುಹೋಗುತ್ತಿತ್ತು. ಅವನು ಅದನ್ನು ಇನ್ನೂ ಒಳಕ್ಕೆ ತಳ್ಳಿ, ನಾಲ್ವರ ಮುಂದೆ ನಿಂತು ಹೇಳಿದ: "ಓರ್ಬೆಟ್ಟಾ ಮಾಡಿದವರು ಇಲ್ಲೇ ಕೂತಿದ್ದಾರೆ. ನಮ್ಮ ಅತ್ತೆ."

ಆಮೇಲೆ ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ. ಅಧ್ಯಕ್ಷರು ಅವನ ಸ್ಟೂಲನ್ನೇ ಎಳೆದುಕೊಂಡು ಅತ್ತೆಯ ಪಕ್ಕ ಕೂತರು. ಎಲ್ಲರೂ ವಾಚು ಬಿಚ್ಚಿ ರೋಗಿಗಳ ಹಾಗೆ ಸಾಲಾಗಿ ಕೈಚಾಚಿದರು. ಒಂದೊಂದನ್ನೂ ತೆರೆದು ನೋಡಿದ ಅತ್ತೆ, "ಹೊರಗೆ ನಾಲ್ಕು ಹೆಸರು, ಒಳಗೆ ಒಂದೇ ಯಂತ್ರ," ಎಂದು ತೀರ್ಪಿತ್ತಾಗ ಸಂಘವೇ ಪುಳಕಗೊಂಡಿತು. ಅವರನ್ನು ಗೌರವ ಸಲಹೆಗಾರರನ್ನಾಗಿ ಸರ್ವಾನುಮತದಿಂದ ಆರಿಸಲಾಯಿತು. ಚಹಾದ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಉಪನ್ಯಾಸಕರದೂ ಒಂದು ಮತ.

ಈಗ ಭಾನುವಾರಗಳಲ್ಲಿ ಫೋನು ಬಂದರೆ "ಅತ್ತೆಯವರಿದ್ದಾರಾ?" ಎಂದೇ ಕೇಳುತ್ತಾರೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅತ್ತೆ ಕೆಲಸಕ್ಕೆ ಕೂತರೆ, ಟಾರ್ಚು ಹಿಡಿಯುವ ಹುದ್ದೆ ಅಳಿಯನದು. ಕೆಲಸ ಮಾಡುತ್ತಲೇ ಅವರು ಆ ಒಂಬತ್ತು ಹೆಂಗಸರ ಕಥೆ ಹೇಳುತ್ತಾರೆ: ಯಾರ ಕಣ್ಣು ಚುರುಕು, ಯಾರು ಹಾಡುತ್ತಿದ್ದರು, ಯಾರು ಮಗುವನ್ನು ಟೇಬಲ್ಲಿನ ಕೆಳಗೆ ಮಲಗಿಸಿಕೊಂಡು ಮುಳ್ಳು ಕೂರಿಸುತ್ತಿದ್ದರು. ಮಧ್ಯೆ ಬಾಯಿ ಹಾಕಲು ಅಳಿಯನಿಗೆ ಸಂದೇ ಸಿಗುವುದಿಲ್ಲ.

"ಸಾಕು ಬಿಡಮ್ಮ, ಎರಡು ಗಂಟೆ ಆಯ್ತು. ಅವರಿಗೆ ಕೈ ನೋಯುತ್ತೆ," ಎಂದಳು ಹೆಂಡತಿ ಮೊನ್ನೆ.

"ನೋಯಲ್ಲ," ಎಂದ ಅಳಿಯ, ಟಾರ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾ. "ನೀವು ಹೇಳಿ ಅತ್ತೆ."